ಒಂಟಿಕಾಲಿನ ಕರಡಿ

ಕರಡಿಯೊಂದು ಕಾಲೆತ್ತಿಕೊಂಡು ಎಷ್ಟು ಹೊತ್ತು ನಿಲ್ಲಬೇಕೆಂಬ ಪ್ರಶ್ನೆಗೆ ಆಕೆಗೆ ಇಂದಿಗೂ ಉತ್ತರ ಸಿಕ್ಕಿಲ್ಲ.

ಅನಿಮೇಷನ್ ಸ್ಟುಡಿಯೋದಲ್ಲಿ ಬೇರೆಯವರು ಬರೆದ ಎರಡು ಭಂಗಿಗಳ ನಡುವಿನ ಚಿತ್ರಗಳನ್ನು ತುಂಬುತ್ತಲೇ ಆಕೆಯ ತಲೆ ನರೆತಿತ್ತು. ಕೊನೆಗೂ ಒಂದು ಇಡೀ ದೃಶ್ಯ ಆಕೆಯ ಪಾಲಿಗೆ ಬಂತು: ಮುದಿ ಕರಡಿಯೊಂದು ಸೇತುವೆ ದಾಟುವುದು. ಸಂಗೀತಗಾರ ಕಳುಹಿಸಿದ ಕಚ್ಚಾ ಧ್ವನಿಮುದ್ರಣ ಕೇಳುತ್ತ, ಡೋಲಿನ ಪ್ರತಿ ಪೆಟ್ಟಿಗೂ ಒಂದು ಹೆಜ್ಜೆ ಬೀಳುವಂತೆ ಚಿತ್ರ ಬರೆಯುವುದು ಆಕೆಯ ಕ್ರಮ. ಮನೆಯಲ್ಲಂತೂ ಅಡುಗೆಮನೆಯುದ್ದಕ್ಕೂ ಕರಡಿಯಂತೆ ನಡೆದು ನೋಡುತ್ತಿದ್ದಳು.

“ಏನೇ, ಸೊಂಟ ಹಿಡ್ಕೊಂಡಿದ್ಯಾ?” ಎಂದಳು ಅಕ್ಕ.

“ನಂದಲ್ಲ, ಕರಡೀದು.”

ಹಾಡಿನ ನಡುವೆ ಒಂದೆಡೆ ಡೋಲು ನಿಂತಿತ್ತು. ಧ್ವನಿಮುದ್ರಣದ ಹಿನ್ನೆಲೆಯಲ್ಲಿ ಯಾರೋ ಮೆಲ್ಲನೆ “ತಾಳ, ತಾಳ” ಎಂದಂತೆ ಕೇಳಿತು. ಪೆಟ್ಟಿಲ್ಲದಿದ್ದರೂ ತಾಳ ಓಡುತ್ತಲೇ ಇದೆಯೆಂದು ಅರ್ಥೈಸಿಕೊಂಡ ಆಕೆ, ಅಷ್ಟೂ ಹೊತ್ತು ಕರಡಿಯ ಕಾಲನ್ನು ಗಾಳಿಯಲ್ಲೇ ನಿಲ್ಲಿಸಿದಳು.

ಅಂತಿಮ ಸಂಗೀತ ಬಂದಾಗ ಆ ಬಿಡುವೇ ಮಾಯವಾಗಿತ್ತು.

“ಹಾಡು ಆಚೆ ದಡ ಸೇರಾಯ್ತು ತಾಯಿ, ನಿಮ್ ಕರಡಿ ಇನ್ನೂ ಒಂಟಿಕಾಲಲ್ಲಿದೆ,” ಎಂದರು ನಿರ್ದೇಶಕರು. “ಮಧ್ಯಾಹ್ನದೊಳಗೆ ಎರಡೂ ಕೂಡ್ಲಿಲ್ಲ ಅಂದ್ರೆ ಈ ದೃಶ್ಯ ಬೇರೆಯವ್ರಿಗೆ ಕೊಡ್ಬೇಕಾಗುತ್ತೆ.”

ಆಕೆ ಸಂಗೀತಗಾರನಿಗೆ ಫೋನ್ ಮಾಡಿದಳು.

“ಅಯ್ಯೋ, ಅದು ತಾಳ ಅಲ್ಲಮ್ಮ, ತಾಳು! ನನಗೆ ಕೆಮ್ಮು ಬಂದಿತ್ತು, ಡೋಲಿನವನಿಗೆ ತಾಳು ತಾಳು ಅಂದೆ.” ಆತ ಬಿದ್ದುಬಿದ್ದು ನಕ್ಕ. “ಎಲ್ಲಿ, ನಿಮ್ಮ ಕರಡೀನ ಕಳ್ಸಿ, ನೋಡೋಣ.”

ನಾಚಿಕೆಯಿಂದ ಕುಗ್ಗಿದ ಆಕೆ ದೃಶ್ಯವನ್ನು ಕಳುಹಿಸಿ, ಕಾಲೆತ್ತಿದ ಚಿತ್ರಗಳನ್ನೆಲ್ಲ ಕಿತ್ತುಹಾಕಿದಳು. ಕರಡಿ ಸರಾಗವಾಗಿ ನಡೆಯಿತು. ಅಷ್ಟರಲ್ಲಿ ಸಂಗೀತಗಾರನಿಂದ ಹೊಸ ಧ್ವನಿಮುದ್ರಣ ಬಂತು, ಜೊತೆಗೊಂದು ಸಂದೇಶ: “ಆ ಕಾಲು ಬಹಳ ಚೆನ್ನಾಗಿದೆ. ಬಿಡುವು ವಾಪಸ್ ಹಾಕಿದ್ದೀನಿ.”

ಈಗ ಹಾಡು ನಿಂತಲ್ಲಿ ಕರಡಿ ನಡೆಯುತ್ತಿತ್ತು.

“ಇದರಲ್ಲಿ ಯಾವ್ದು ಸರಿ ಅಂತೀರಿ?” ಎಂದರು ನಿರ್ದೇಶಕರು.

“ಗೊತ್ತಾಗ್ತಿಲ್ಲ ಸಾರ್.”

ನಿಜಕ್ಕೂ ಗೊತ್ತಾಗಿರಲಿಲ್ಲ. ಹಾಡು ಕೇಳಿ ಆಕೆ ಕಾಲೆತ್ತಿಸಿದ್ದಳು. ಆ ಕಾಲು ನೋಡಿ ಹಾಡು ನಿಂತಿತ್ತು. ಎಲ್ಲಕ್ಕೂ ಮೂಲ ಒಂದು ಕೆಮ್ಮು. ಯಾರು ಯಾರನ್ನು ನಡೆಸುತ್ತಿದ್ದಾರೆ? ದಿಕ್ಕು ತೋಚದೆ ಎದ್ದು, ಹೊಸ ಹಾಡು ಹಾಕಿ, ಮೇಜುಗಳ ನಡುವೆ ತಾನೇ ಕರಡಿಯಾಗಿ ನಡೆದಳು. ಡೋಲು ನಿಂತಿತು. ಎತ್ತಿದ ಕಾಲು ತಾನಾಗಿಯೇ ಗಾಳಿಯಲ್ಲಿ ಉಳಿಯಿತು. ಮುಂದಿನ ಪೆಟ್ಟು ಬಿದ್ದ ಮೇಲಷ್ಟೇ ನೆಲ ಮುಟ್ಟಿತು.

ನಿರ್ದೇಶಕರು ಬಿಗಿಹಿಡಿದಿದ್ದ ಉಸಿರು ಬಿಟ್ಟರು. “ಬಿದ್ದೇ ಬಿಡ್ತೀರಿ ಅಂದ್ಕೊಂಡೆ. ಕಾಲು ಹಾಗೇ ಇರ್ಲಿ. ದೃಶ್ಯ ನಿಮ್ದೇ.”

ಕಿತ್ತ ಚಿತ್ರಗಳನ್ನು ಆಕೆ ಮತ್ತೆ ಸೇರಿಸಿದಳು. ಗೆದ್ದದ್ದು ತಾನೋ, ಕೆಮ್ಮೋ ಎಂಬುದು ಮಾತ್ರ ಬಗೆಹರಿಯಲಿಲ್ಲ. ಸಂಜೆ ಒಲೆಯ ಮುಂದೆ ಒಂಟಿಕಾಲಲ್ಲಿ ನಿಂತವಳನ್ನು ಕಂಡು ಅಕ್ಕ ರೇಗಿದಳು:

“ಕಾಲು ಇಳ್ಸೇ, ಹಾಲು ಉಕ್ತಾ ಇದೆ!”

“ತಾಳಕ್ಕಾ,” ಎಂದಳು ಆಕೆ.

ಹಾಲು ತಾಳಲಿಲ್ಲ.