ಸಮುದ್ರದ ನೀರು ಕುಡಿದ ಗೋಡೆ

ಗಿಣಿಗೇರಾದಲ್ಲಿ ಗೋಡೆ ಕರ್ರಗಾದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಫ್ಯಾಕ್ಟರಿಯ ಧೂಳು ನಮ್ಮ ಮನೆಮಂದಿಯಲ್ಲಿ ಒಂದು. ಕರೆಯದಿದ್ದರೂ ಊಟಕ್ಕೆ ಕೂರುತ್ತದೆ. ಆದರೆ ಮೊನ್ನೆ ನನ್ನ ಕಂಪ್ಯೂಟರಿನ ಹಿಂದಿನ ಗೋಡೆ ಬುಡದಿಂದ ಬೆಳ್ಳಗಾಗತೊಡಗಿತ್ತು. ಉಗುರಿನಿಂದ ಕೆರೆದೆ, ಪುಡಿ ಉದುರಿತು. ನಾಲಿಗೆಗೆ ಹಚ್ಚಿ ನೋಡಿದೆ. ನಗಬೇಡಿ, ನನ್ನ ಜಾಗದಲ್ಲಿದ್ದರೆ ನೀವೂ ಅದನ್ನೇ ಮಾಡುತ್ತಿದ್ದಿರಿ. ಉಪ್ಪು! ಕಟ್ಟುವಾಗ ಕುಡಿದ ಬೋರಿನ ಸವಳು ನೀರನ್ನು ಗೋಡೆ ಈಗ ಉಗುಳುತ್ತಿತ್ತು. ಆ ಉಪ್ಪು ನಾಲಿಗೆಗೆ ತಾಗಿದ್ದೇ ತಡ, ಯಲಬುರ್ಗಾದ ಚಿಗವ್ವ ನೆನಪಾದಳು.

ಚಿಗವ್ವ ಅಂದರೆ ನಮ್ಮವ್ವನ ತಂಗಿ. ಅವಳ ಸುದ್ದಿಗೆ ಬರುವ ಮುಂಚೆ ನನ್ನ ಹುಚ್ಚಿನ ಸುದ್ದಿ ಹೇಳಿಬಿಡುತ್ತೇನೆ. ಕಲ್ಲು, ಕಟ್ಟಿಗೆ, ಮಣ್ಣನ್ನು ಚೌಕ ಚೌಕವಾಗಿ ಜೋಡಿಸಿ ಬೇಕಾದ್ದು ಕಟ್ಟುವ ಆಟವಿದೆಯಲ್ಲ, ಅದರಲ್ಲಿ ನಾನು ರಾಜರ ಕಾಲದ ಹಳ್ಳಿ ಕಟ್ಟುತ್ತೇನೆ. ನಿಜವಾದ ಗೋಡೆಗೆ ಮೊಳೆ ಹೊಡೆಯಲು ಹೋದರೆ ಹೆಬ್ಬೆರಳಿಗೇ ಹೊಡೆದುಕೊಳ್ಳುವ ಗಿರಾಕಿ, ಆಟದಲ್ಲಿ ಮಾತ್ರ ದೊಡ್ಡ ಗೌಂಡಿ. ವಿಡಿಯೋದಲ್ಲಿ ಯಾವನೋ ಪರದೇಶದ ಹುಡುಗ ಮೂಗಿನಲ್ಲಿ ಮಾತಾಡುತ್ತ ಕಲಿಸುತ್ತಾನೆ: ಕೆಳಗೆ ಕಲ್ಲು, ಮೇಲೆ ಕಟ್ಟಿಗೆಯ ಚೌಕಟ್ಟು, ನಡುವೆ ಸುಣ್ಣದ ಗೋಡೆ, ನೆತ್ತಿಗೆ ಚೂಪು ಸೂರು. ಅವನ ಸೂರನ್ನೂ ಕಲಿತೆ, ಮೂಗನ್ನೂ ಕಲಿತೆ. ಕೊಪ್ಪಳದ ಕೋಟೆಯಿಂದ ಒಂದು ಬುರುಜನ್ನು ಕದ್ದು ಊರಬಾಗಿಲಿಗೆ ನಿಲ್ಲಿಸಿದೆ. ಆಮೇಲೆ ಸೊಕ್ಕು ಏರಿ ಸಮುದ್ರದ ದಂಡೆಗೆ ಮೀನುಗಾರರ ಕೇರಿ ಕಟ್ಟಲು ಹೊರಟೆ. ನಾನು ಕಂಡ ಅತಿ ದೊಡ್ಡ ನೀರು ಅಂದರೆ ತುಂಗಭದ್ರಾ ಡ್ಯಾಮು.

ಅದೇ ಹೊತ್ತಿಗೆ ಚಿಗವ್ವ ಕಣ್ಣಿನ ಪೊರೆ ತೆಗೆಸಿಕೊಂಡು ನಮ್ಮ ಮನೆಯಲ್ಲಿದ್ದಳು. ಗಂಡನ ಜೋಡಿ ಹದಿನೈದು ವರ್ಷ ಮಂಗಳೂರಿನ ಕಡೆ ಕಟ್ಟಡದ ಕೆಲಸಕ್ಕೆ ಹೋಗಿ ಬಂದವಳು. ಸಮುದ್ರ ಕಾಣುವ ಎಷ್ಟೋ ಮನೆಗಳಿಗೆ ತಲೆಯ ಮೇಲೆ ಸಿಮೆಂಟು ಹೊತ್ತಿದ್ದಾಳೆ. ಹೊಸ ಕಣ್ಣಿನಿಂದ ನನ್ನ ಕೇರಿ ನೋಡಿ ಹಣೆ ಬಡಿದುಕೊಂಡಳು.

“ಬಾಗಲಾ ಸಮುದ್ರದ ಕಡಿಗೆ ಇಟ್ಟೀಯಲ್ಲೋ ಮಾರಾಯ! ಅಲ್ಲಿ ಗಾಳಿ ಉಂಟು, ಮಳಿ ಅಡ್ಡಡ್ಡ ಬರ್ತೈತಿ. ನಿನ್ನ ಮೀನಗಾರ ಮನಿಯೊಳಗ ಕುಂತs ಮೀನ ಹಿಡೀಬೇಕು.”

ಆ ‘ಉಂಟು’, ಆ ‘ಮಾರಾಯ’ ಅವಳು ಅಲ್ಲಿಂದ ಊರಿಗೆ ತಂದ ಸಾಮಾನು. ಕೇಳಿದರೆ ಅಣಕಿಸಲು ನನ್ನ ನಾಲಿಗೆ ತುರಿಸುತ್ತಿತ್ತು. ಅವಳು ಹೇಳಿದಂತೆ ಬಾಗಿಲು ತಿರುಗಿಸಿದೆ, ಸೂರನ್ನು ಗೋಡೆಯಾಚೆ ಚಾಚಿದೆ, ದೋಣಿಗಳನ್ನು ದಂಡೆಯ ಮೇಲಕ್ಕೆ ಎಳೆದೆ. ಪರದೇಶದ ಮೂಗಿನ ಹುಡುಗನಿಗೆ ರಜೆ ಕೊಟ್ಟೆ. ಒಂದು ದಿನ ಅವಳಂದಳು, “ಇಲ್ಲೊಂದು ಬಾವಿ ತೋಡು. ಸಿಹಿ ನೀರಿಂದು.”

“ಈ ಆಟದಾಗ ಯಾರೂ ನೀರ ಕುಡಿಯಂಗಿಲ್ಲ ಚಿಗವ್ವ.”

“ಕುಡಿಯಾಕಲ್ಲೋ,” ಅಂದವಳು ಮಂಗಳೂರಿನ ಕಡೆಯ ಒಂದು ಸಂಗತಿ ಹೇಳಿದಳು.

ಅವಳನ್ನೂ ಗಂಡನನ್ನೂ ಅಲ್ಲಿಗೆ ಕರೆದೊಯ್ದದ್ದು ಕುಷ್ಟಗಿಯ ಬಸಣ್ಣ ಮೇಸ್ತ್ರಿ. ಹೋದ ಮೊದಲ ವಾರ, ಹೊಸ ಗೋಡೆಗೆ ನೀರು ಹೊಡಿ ಅಂದನಂತೆ. ನಲ್ಲಿಯ ಮುಂದೆ ಕೊಡಗಳ ಪಾಳಿ. ಎದುರಿಗೆ ನೋಡಿದರೆ ಯಾರೂ ಪಾಳಿ ಹಚ್ಚದ ನೀರು ಕಣ್ಣು ಮುಟ್ಟುವ ತನಕ. ಚಿಗವ್ವ ಮೂರು ದಿನ ಕೊಡ ಹೊತ್ತು ಗೋಡೆಗೆ ಸಮುದ್ರ ಕುಡಿಸಿದಳು.

“ಉಪ್ಪ ಅಂತ ಗೊತ್ತಿತ್ತು ತಮ್ಮಾ. ನಮ್ಮ ಕಡಿ ಸವಳ ನೀರಾಗನ ಮನಿ ಕಟ್ತಾರಲ್ಲ? ಗ್ವಾಡಿಗೇನು ನಾಲಿಗಿ ಐತೇನ ಅಂದ್ಕೊಂಡೆ.”

ನಾಲ್ಕನೇ ದಿನ ಪಕ್ಕದ ಕೆಲಸದವಳೊಬ್ಬಳು ನೋಡಿ ಬಾಯಿ ಮೇಲೆ ಕೈ ಇಟ್ಟಾಗಲೇ ತಪ್ಪು ತಿಳಿದದ್ದು. ಹೆದರಿ ಬಾಯಿ ಬಿಡಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಗೋಡೆ ಬೆಳ್ಳಗೆ ಹೂಬಿಟ್ಟಿತು. ಉಪ್ಪು ಮರಳು ತರಿಸಿದ್ದಾನೆ ಅಂತ ಗುತ್ತಿಗೆದಾರ ಬಸಣ್ಣನ ಮೇಸ್ತ್ರಿಕೆ ಕಿತ್ತುಕೊಂಡ. ಹತ್ತು ಜನರನ್ನು ಕರೆತಂದವನು ಆಮೇಲೆ ಇನ್ನೊಬ್ಬನ ಕೈಕೆಳಗೆ ದುಡಿದ.

“ಅವಗ ಗೊತ್ತಾಗಬಾರ್ದು ನೋಡು. ನನ್ನ ಆಣಿ ಐತಿ.”

ಆಣೆ ಮಾಡಿದೆ. ಬಾವಿ ಮಾತ್ರ ತೋಡಲಿಲ್ಲ. ಆಗ ನನಗೆ ಕೇರಿಯ ದಂಡೆಗೆ ಹಡಗಿಗೆ ದಾರಿ ತೋರುವ ದೀಪಸ್ತಂಭ ನಿಲ್ಲಿಸುವ ಹುಚ್ಚು.

ಇನ್ನು ಹೇಳಬೇಕಾದ್ದನ್ನು ಬೇಗ ಹೇಳಿ ಮುಗಿಸುವ ಆಸೆ ನನಗೆ, ಆದರೆ ಮುಗಿಯುವುದಿಲ್ಲ. ಕುಕನೂರಿನಲ್ಲಿ ಅಕ್ಕನ ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ಊಟದ ಪಂಕ್ತಿ ನಡೆದಿತ್ತು. “ಲೇ, ಏನರ ಅಣಕ ಮಾಡಿ ತೋರಿಸೋ” ಅಂದರು ಯಾರೋ. ನನಗೆ ಇಷ್ಟು ಸಾಕು. ಬಸ್ ಕಂಡಕ್ಟರ್ ಆದೆ, ಮೂಗಿನ ಹುಡುಗನಾದೆ, ನಮ್ಮಪ್ಪನಾದೆ. ನಗು ಏರುತ್ತಿತ್ತು. ಕೈಗೆ ಸಿಕ್ಕ ನೀರಿನ ತಂಬಿಗೆಯನ್ನು ತಲೆಯ ಮೇಲಿಟ್ಟು, ಸೆರಗು ಸಿಕ್ಕಿಸಿದಂತೆ ಟವೆಲ್ಲು ಸಿಕ್ಕಿಸಿ, ಚಿಗವ್ವನಾದೆ. “ಇಷ್ಟ ನೀರ ಉಂಟು ಮಾರಾಯ, ಪಾಳಿ ಯಾಕ? ಗ್ವಾಡಿಗೇನು ನಾಲಿಗಿ ಐತೇನ?” ಅನ್ನುತ್ತ ಗೋಡೆಗೆ ನೀರು ಹೊಡೆದೆ. ಜನ ಬಿದ್ದು ಬಿದ್ದು ನಕ್ಕರು.

ಆಗ ಕಂಡಿತು. ಮೂರನೇ ಎಲೆಗೆ, ನಮ್ಮ ಬಳಗದ ಕಾರ್ಯಕ್ಕೆಲ್ಲ ಬರುವ ಬಸಣ್ಣ ಮೇಸ್ತ್ರಿ ಕೂತಿದ್ದ. ಅವನನ್ನು ಕಂಡೆ, ಗುರುತು ಹಿಡಿದೆ, ನಿಲ್ಲಿಸಬಹುದಿತ್ತು. ಆದರೆ ಗೋಡೆ ಹೂಬಿಡುವ ಭಾಗ ಇನ್ನೂ ಬಾಕಿಯಿತ್ತು, ಅದಕ್ಕೆ ಇನ್ನೂ ಜೋರು ನಗು ಬರುತ್ತದೆ ಅಂತ ನನಗೆ ಗೊತ್ತಿತ್ತು. ಅದನ್ನೂ ಮಾಡಿದೆ. ಬಂತು ನಗು.

ಬಸಣ್ಣ ಕಲಸಿದ ಅನ್ನ ಬಿಟ್ಟು ಚಿಗವ್ವನ ಕಡೆ ತಿರುಗಿದ. ಅವಳು ಬಡಿಸುವ ಪಾತ್ರೆ ಹಿಡಿದು ನಿಂತಿದ್ದಳು.

“ಅವತ್ತ ಹೇಳಿದ್ರ ಸಿಹಿ ನೀರ ಹೊಡದು ತೊಳೀತಿದ್ವಲ್ಲವ್ವಾ,” ಅಂದ.

ಅಷ್ಟೇ. ಬೈದಿದ್ದರೆ ಬೈಗುಳವನ್ನಾದರೂ ಅಣಕಿಸಬಹುದಿತ್ತು. ಅವನು ತಲೆ ತಗ್ಗಿಸಿ ಊಟ ಮುಗಿಸಿದ. ಚಿಗವ್ವ ಸಂಜೆಯ ಬಸ್ಸಿಗೇ ಯಲಬುರ್ಗಾಕ್ಕೆ ಹೋದಳು. ಆಮೇಲೆ ಎಲ್ಲಿ ಸಿಕ್ಕರೂ ಮಾತಾಡಿಸುತ್ತಾಳೆ: “ಆರಾಮ ಅದಿಯೇನು?” “ಊಟ ಆತೇನು?” ಆದರೆ ಹದಿನೈದು ವರ್ಷ ದುಡಿದು ತಂದ ‘ಉಂಟು’ ನನ್ನ ಮುಂದೆ ಮತ್ತೆ ಅವಳ ಬಾಯಿಂದ ಬರಲಿಲ್ಲ. ನಗೆಯ ಮಾತಿಗೆ ಇಷ್ಟೇಕೆ ಅಂತ ನಾನೂ ಬಿಗಿದುಕೊಂಡೆ. ಎರಡು ವರ್ಷವಾಯಿತು.

ನಾಲಿಗೆಗೆ ಉಪ್ಪು ತಾಗಿದ ದಿನ ಆಟದ ಹಳೆಯ ಕೇರಿಯನ್ನು ತೆರೆದೆ. ದೋಣಿಗಳು ಎಳೆದಲ್ಲೇ ಇದ್ದವು. ಅವಳು ತೋರಿಸಿದ್ದ ಜಾಗದಲ್ಲಿ ಬಾವಿ ತೋಡಿದೆ, ಕಲ್ಲಿನ ಕಟ್ಟೆ ಕಟ್ಟಿದೆ, ಮೇಲೊಂದು ಪುಟ್ಟ ಸೂರು. ಕೇರಿಯನ್ನು ಮೊಬೈಲಿಗೂ ಇಳಿಸಿಕೊಂಡೆ; ಭಾನುವಾರ ಯಲಬುರ್ಗಾಕ್ಕೆ ಹೋಗಿ ಮೊಬೈಲು ಅವಳ ಕೈಗಿಟ್ಟೆ. ಪೊರೆ ತೆಗೆಸಿದ ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.

“ಹಗ್ಗ ಎಲ್ಲೈತಿ?”

“ಹಾಕ್ತೇನಿ. ಚಿಗವ್ವ... ಅವತ್ತ ನಂದು ತಪ್ಪಾತು.”

ಅವಳು ಮೊಬೈಲಿನಿಂದ ಕಣ್ಣೆತ್ತಿ ನನ್ನ ಮುಖ ನೋಡಿದಳು. ಚುಚ್ಚುವ ದನಿಯಲ್ಲಲ್ಲ, ನಿಜವಾಗಿ ತಿಳಿಯದೆ ಕೇಳಿದಳು:

“ಇದು ಯಾರ ಅಣಕಾನೋ?”

ಯಾರದ್ದೂ ಅಲ್ಲ ಅಂತ ಯಾವ ದನಿಯಲ್ಲಿ ಹೇಳಿದರೆ ನಂಬುತ್ತಾಳೆ ಅಂತ ತಿಳಿಯಲಿಲ್ಲ. ಮೊಬೈಲು ಇಸಿದುಕೊಂಡು, ಅವಳ ಪಕ್ಕದಲ್ಲೇ ಕೂತು, ಬಾವಿಗೆ ಹಗ್ಗ ಇಳಿಬಿಡತೊಡಗಿದೆ.