ಪ್ರಿಂಟಿಗೆ ಬಾರದ ಬಾಗಿಲು

ವಿವೇಕ ಏನು ಕೆಲಸ ಮಾಡುತ್ತಾನೆ ಎಂದು ಕಳಸದ ಕಡೆಯ ನೆಂಟರು ಕೇಳಿದರೆ, ಅವನ ಅಪ್ಪ ಯಜ್ಞನಾರಾಯಣ ಭಟ್ಟರು ‘ಮನೆ ಡಿಸೈನು ಮಾಡ್ತಾನೆ’ ಎನ್ನುತ್ತಿದ್ದರು. ಅಪ್ಪ ಗೃಹಪ್ರವೇಶ ಮಾಡಿಸುವವರು, ಮಗ ಗೃಹವನ್ನೇ ಬರೆಯುವವನು, ಇನ್ನೇನು ಬೇಕು ಎಂದು ನೆಂಟರು ತಲೆದೂಗುತ್ತಿದ್ದರು. ನಿಜ ಹೇಳಬೇಕೆಂದರೆ ವಿವೇಕ ಇಲ್ಲಿಯವರೆಗೆ ಒಂದು ಕೋಳಿಗೂಡನ್ನೂ ಡಿಸೈನು ಮಾಡಿರಲಿಲ್ಲ. ಆ ಕೆಲಸ ಇಂಜಿನಿಯರ್ ಬಾಲರಾಜ್ ಅವರದು, ಅದೂ ಹೆಚ್ಚಾಗಿ ಮದುವೆ ಕಾಗದದ ಹಿಂಬದಿಯಲ್ಲಿ. ಮೂಡಿಗೆರೆ ಬಸ್ ಸ್ಟ್ಯಾಂಡಿನ ಹತ್ತಿರ, ಗೊಬ್ಬರದಂಗಡಿಯ ಮೇಲಿದ್ದ ಅವರ ಆಫೀಸಿನಲ್ಲಿ ವಿವೇಕನ ಕೆಲಸವೆಂದರೆ ಅದನ್ನು ಕಂಪ್ಯೂಟರಿಗೆ ಏರಿಸುವುದು, ಆಮೇಲೆ ಕಂಪ್ಯೂಟರಿನಿಂದ ಕಾಗದಕ್ಕೆ ಇಳಿಸುವುದು. ಏರಿಸಲು ಒಂದು ದಿನ ಸಾಕು. ಇಳಿಸುವುದರಲ್ಲೇ ಅವನ ಯೌವನ ಸವೆಯುತ್ತಿತ್ತು.

ಪರದೆಯ ಮೇಲೆ ಎಲ್ಲವೂ ಚೆನ್ನಾಗಿಯೇ ಇರುತ್ತಿತ್ತು. ಪ್ರಿಂಟ್ ಕೊಟ್ಟರೆ ಸಾಕು, ಬಲಗಡೆಯ ಅಂಚು ಹಾಳೆಯಿಂದಾಚೆ ಹೋಗಿ, ಬಾಲರಾಜರ ಸಹಿಯ ಜಾಗವನ್ನೂ ಜೊತೆಗೆ ಕರೆದುಕೊಂಡು ಹೋಗುತ್ತಿತ್ತು. ಗೋಡೆಗಳು ಕೂದಲೆಳೆಯಾಗಿ ಬರುತ್ತಿದ್ದವು, ಬಚ್ಚಲಿನ ಟೈಲ್ಸು ಮಸಿ ಬಳಿದ ಹಾಗೆ ಬರುತ್ತಿತ್ತು. ಅಕ್ಷರಗಳು ಒಂದು ಸಲ ಇರುವೆಯಷ್ಟು, ಇನ್ನೊಂದು ಸಲ ಎಮ್ಮೆಯಷ್ಟು. ಅಳತೆ ಸರಿಮಾಡಿದರೆ ಅಂಚು ಕೆಡುವುದು, ಅಂಚು ಸರಿಮಾಡಿದರೆ ಅಳತೆ ಕೆಡುವುದು. ವಿವೇಕ ಯಂತ್ರದ ಮುಂದೆ ಕುಕ್ಕರಗಾಲಲ್ಲಿ ಕೂತು ಬರುತ್ತಿರುವ ಹಾಳೆಯನ್ನೇ ದಿಟ್ಟಿಸುತ್ತಿದ್ದ.

‘ಅಲ್ಲ ಮಾರಾಯ, ಆ ಪ್ರಿಂಟರಿಗೂ ನಿಂಗೂ ಏನು ಹಿಂದಿನ ಜನ್ಮದ ವ್ಯಾಜ್ಯ?’ ಎಂದು ಬಾಲರಾಜ್ ಕೇಳುತ್ತಿದ್ದರು.

‘ಹಿಂದಿನದ್ದಲ್ಲ ಸಾರ್, ಇದೇ ಜನ್ಮದ್ದು’ ಎನ್ನುತ್ತಿದ್ದ ವಿವೇಕ.

ಹೀಗಿರುವಾಗ ಕಳೆದ ಯುಗಾದಿಯ ಮರುವಾರ ಜಾವಳಿಯಿಂದ ರಂಗನಾಥ ಗೌಡರು, ಅವರ ತಮ್ಮ ಶಶಿಧರ್ ಮತ್ತು ತಾಯಿ ದ್ಯಾವಮ್ಮ ಆಫೀಸಿನ ಮೆಟ್ಟಿಲು ಹತ್ತಿ ಬಂದರು. ತೋಟ ಆಗಲೇ ಪಾಲಾಗಿತ್ತು. ಈಗ ಮನೆಯ ಸರದಿ. ನಡುಮನೆಯನ್ನು ಸೀಳಿ ಒಂದು ಗೋಡೆ ಎಬ್ಬಿಸಬೇಕು, ಅತ್ತ ಅಣ್ಣ, ಇತ್ತ ತಮ್ಮ. ದೇವರ ಕೋಣೆ ಅಣ್ಣನ ಪಾಲಿಗೆ ಹೋಗಿತ್ತು, ದ್ಯಾವಮ್ಮ ಮಲಗುವ ಕೋಣೆ ತಮ್ಮನ ಪಾಲಿಗೆ ಬಂದಿತ್ತು.

‘ಗೋಡೆ ಎಬ್ಬಿಸ್ಕಳಿ, ನಾನು ಬ್ಯಾಡ ಅನ್ನಲ್ಲ’ ಎಂದರು ದ್ಯಾವಮ್ಮ. ‘ನಂಗೊಂದು ಬಾಗ್ಲು ಬಿಡಿ. ಮಲಗದು ಇಲ್ಲಿ, ದೀಪ ಹಚ್ಚದು ಅಲ್ಲಿ. ನಾನೇನು ಗೋಡೆ ಹಾರ್ಲಾ?’

ರಂಗನಾಥ ಗೌಡರು ವಿವೇಕನ ಕಡೆ ತಿರುಗಿದರು. ‘ಬಾಗ್ಲಿಗೆ ನಂದೇನು ತಕರಾರಿಲ್ಲ ಭಟ್ರೆ. ಅವನ್ನ ಕೇಳಿ.’

ತಮ್ಮ ಅದೇ ಬೆಂಚಿನ ಮೇಲೆ, ಒಂದು ಮೊಳ ದೂರದಲ್ಲಿ ಕೂತಿದ್ದ. ‘ನಂದೂ ಇಲ್ಲ ಅಂತ ಅವ್ರಿಗೆ ಹೇಳಿ’ ಎಂದ ಶಶಿಧರ್.

ಅಂಚೆಯಣ್ಣನ ಕೆಲಸ ಮುಗಿಸಿದ ವಿವೇಕ, ತನ್ನ ಚುರುಕುತನ ತೋರಿಸಲು ಅಲ್ಲೇ ಅವರ ಕಣ್ಣೆದುರು ಬಾಗಿಲು ಬರೆದ. ಬರೆದ ಎನ್ನುವುದು ದೊಡ್ಡ ಮಾತು. ಗೋಡೆಯ ಗೆರೆ ಕತ್ತರಿಸುವ ಸೋಮಾರಿತನಕ್ಕೆ, ಹಿಂದೆ ಬಿಳಿ ತೇಪೆಯಿರುವ ಸಿದ್ಧ ಬಾಗಿಲೊಂದನ್ನು ತಂದು ಗೋಡೆಯ ಮೇಲೆ ಅಂಟಿಸಿದ. ತೇಪೆಯ ಹಿಂದೆ ಗೋಡೆ ಮರೆಯಾಗಿ, ಅಲ್ಲೊಂದು ಬಾಗಿಲು ತೆರೆದುಕೊಂಡಿತು.

‘ಇದಾ?’ ದ್ಯಾವಮ್ಮ ಎದ್ದು ಬಂದು ಪರದೆಯ ಮೇಲೆ ಬೆರಳಿಟ್ಟರು. ನಶ್ಯ ಹತ್ತಿದ ಬೆರಳು, ಗುರುತು ಹಾಗೇ ಉಳಿಯಿತು. ‘ಸಾಕು. ಇಷ್ಟಿದ್ರೆ ಸಾಕು ನಂಗೆ.’

ಮಾರನೆಯ ದಿನದ ಪ್ರಿಂಟು ಎಂದಿನಂತೆ ಪ್ರಾಣ ತಿಂದಿತು. ಅಂಚು ಹೋಯಿತು, ಬಂತು, ಮತ್ತೆ ಹೋಯಿತು. ಮಧ್ಯಾಹ್ನದ ಊಟ ಬಿಟ್ಟು ಗುದ್ದಾಡಿದ ಮೇಲೆ ನಾಲ್ಕೂ ಅಂಚು ನೆಟ್ಟಗೆ ನಿಂತ ಹಾಳೆ ಹೊರಬಂದಾಗ ವಿವೇಕ ಅದನ್ನು ಬಾಲರಾಜರಿಗೆ ಎತ್ತಿ ತೋರಿಸಿದ. ಅಂಚು ನೋಡಿ ಅವರೂ ‘ಶಭಾಷ್’ ಎಂದರು. ಒಳಗೇನಿದೆ ಎಂದು ಇಬ್ಬರೂ ನೋಡಲಿಲ್ಲ. ಅಣ್ಣನಿಗೊಂದು, ತಮ್ಮನಿಗೊಂದು ಸುರುಳಿ ಸುತ್ತಿ, ಜಾವಳಿಯ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟು, ವಿವೇಕ ಹೋಗಿ ಎರಡು ಪ್ಲೇಟು ಬನ್ಸ್ ತಿಂದ.

ಅವನು ಜಾವಳಿಗೆ ಹೋದದ್ದು ಜನವರಿಯಲ್ಲಿ. ಶಶಿಧರ್ ಕಾರ್ ಶೆಡ್ಡು ಹಾಕಿಸಬೇಕೆಂದಿದ್ದರಿಂದ ಅಳತೆ ತೆಗೆದುಕೊಂಡು ಬರಲು ಬಾಲರಾಜ್ ಕಳಿಸಿದ್ದರು. ಮನೆಯ ಮುಂದಿನ ಕಣದ ತುಂಬ ಕಾಫಿ ಹಣ್ಣು ಒಣಗುತ್ತಿತ್ತು. ಟೇಪು ಹಿಡಿದು ನಿಂತಿದ್ದಾಗ ದ್ಯಾವಮ್ಮ ಶಶಿಧರನ ಮುಂಬಾಗಿಲಿನಿಂದ ಹೊರಬಂದರು. ಕೈಯಲ್ಲಿ ಎಣ್ಣೆ ಬಾಟಲಿ. ಮೆಟ್ಟಿಲು ಇಳಿದು, ಗೋಡೆಗೆ ಕೈ ಕೊಡುತ್ತ, ಕಣವನ್ನು ಬಳಸಿ ರಂಗನಾಥ ಗೌಡರ ಮನೆಯ ಮೆಟ್ಟಿಲ ಕಡೆ ಹೊರಟರು. ಮೊಣಕಾಲು ಊದಿತ್ತು.

‘ಒಳಗಿಂದ್ಲೇ ಹೋಗ್ಬಹುದಲ್ಲ ಅಮ್ಮ?’ ಎಂದ ವಿವೇಕ.

ಅವರು ನಿಂತು ನೋಡಿದರು. ‘ಎಲ್ಲಿಂದ ಹೋಗದು ಮಗಾ? ನೀನೇ ಬಾಗ್ಲು ಬರ್ದೆ, ನೀನೇ ತೆಗ್ದೆ.’

ವಿವೇಕ ಜಗಲಿಯ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದ. ನಕ್ಷೆಯಲ್ಲಿ ಬಾಗಿಲಿತ್ತು. ಪ್ರಿಂಟ್ ಹೇಗೆ ಬರುತ್ತದೆಂದು ನೋಡಿದ. ಬಾಗಿಲಿರಲಿಲ್ಲ, ಈ ತುದಿಯಿಂದ ಆ ತುದಿಗೆ ಗೋಡೆ. ಆ ಸಾಫ್ಟ್‌ವೇರಿನಲ್ಲಿ ಗೆರೆಗಳನ್ನು ಒಂದರ ಮೇಲೊಂದು ಪದರಗಳಲ್ಲಿ ಇಡುತ್ತಾರೆ. ಅದರಲ್ಲೊಂದು ಪದರದ ಮೇಲೆ ಬರೆದದ್ದು ಪರದೆಯಲ್ಲಿ ಕಾಣುತ್ತದೆ, ಕಾಗದಕ್ಕೆ ಇಳಿಯುವುದಿಲ್ಲ. ಚುರುಕುತನ ತೋರಿಸುವ ಭರದಲ್ಲಿ ವಿವೇಕ ಬಾಗಿಲನ್ನು ಅಂಟಿಸಿದ್ದು ಅದೇ ಪದರದಲ್ಲಿ. ತೇಪೆಯೂ ಬಾಗಿಲೂ ಒಟ್ಟಿಗೆ ಮಾಯವಾಗಿ, ಹಿಂದಿದ್ದ ಗೋಡೆ ಇಡಿಯಾಗಿ ಅಚ್ಚಾಗಿತ್ತು. ಲ್ಯಾಪ್‌ಟಾಪ್ ಹಿಡಿದೇ ಶಶಿಧರನ ಬಳಿಗೆ ಹೋದ.

‘ತಪ್ಪು ನಂದು ಶಶಿಧರಣ್ಣ’ ಎಂದು ಎಲ್ಲ ಬಿಡಿಸಿ ಹೇಳಿದ. ‘ಪರದೇಲಿ ಕಾಣ್ತದೆ, ಪ್ರಿಂಟಿಗೆ ಬರೂದಿಲ್ಲ.’

‘ಪ್ರಿಂಟಿಗೆ ಬರ್ದೇ ಇರೋ ಗೆರೆ ಎಳೆಯಕ್ಕೆ ಯಾವನಾದ್ರೂ ಕಂಪ್ಯೂಟರ್ ಮಾಡ್ತಾನೇನ್ರಿ ಭಟ್ರೆ?’

ಇದು ವಿವೇಕ ತನ್ನನ್ನೇ ವರ್ಷಗಳಿಂದ ಕೇಳಿಕೊಳ್ಳುತ್ತಿದ್ದ ಪ್ರಶ್ನೆ.

‘ಅಣ್ಣ ಹೇಳಿ ತೆಗೆಸಿದ್ದು ಅಂತ ಹೇಳ್ಬಿಡಿ’ ಎಂದ ಶಶಿಧರ್ ತಣ್ಣಗೆ. ‘ಹಾಳೆ ಬಿಚ್ಚಿದ ದಿನವೇ ನಂಗೆ ಗೊತ್ತಾಯ್ತು. ಮೇಸ್ತ್ರಿ ಗುರುವಯ್ಯ ಕೇಳಿದ, ಬಾಗ್ಲಿಲ್ವಾ ಅಂತ. ಅವ್ರಿಗೇ ಬ್ಯಾಡ ಅಂದ್ರೆ ನಾನ್ಯಾಕೆ ಅಂಗಲಾಚ್ಲಿ? ಹಾಳೇಲಿ ಇದ್ದಂಗೆ ಕಟ್ಟು ಅಂದೆ.’

ವಿವೇಕ ಮೆಟ್ಟಿಲಿಳಿದು, ಕಣ ಬಳಸಿ ಅಣ್ಣನ ಮನೆಗೆ ಹೋದ. ಅಲ್ಲೂ ಅದೇ ಕತೆ ಹೇಳಿದ.

‘ಅವ್ನು ಕಳಿಸಿದ್ನಾ ನಿಮ್ಮನ್ನ?’ ರಂಗನಾಥ ಗೌಡರು ಪೇಪರಿನಿಂದ ತಲೆಯೆತ್ತಲಿಲ್ಲ. ‘ನಿಮ್ಮಪ್ಪ ಮಂತ್ರ ಹೇಳಿ ದೇವರನ್ನ ಮನೆಯೊಳಗೆ ಕರೀತಾರೆ. ನೀವು ಮಂತ್ರ ಹಾಕಿ ಬಾಗ್ಲನ್ನೇ ಹೊರಗೆ ಕಳಿಸಿದ್ರಲ್ಲ ಮಾರಾಯ್ರೆ. ನಂಗೂ ಕೇಳಿದ ಆ ಗುರುವಯ್ಯ. ತೆಗೆಸಿದೋನು ಅವ್ನು, ನಂಗ್ಯಾಕೆ ಅಂದ್ಕಂಡೆ. ಹಾಳೇಲಿ ಇದ್ದಂಗೆ ಕಟ್ಟು ಅಂದೆ.’

‘ಈಗ್ಲೂ ಒಡೆದು ಬಾಗಿಲು ಇಡ್ಬಹುದು ಗೌಡ್ರೆ. ದೊಡ್ಡ ಕೆಲಸ ಅಲ್ಲ.’

‘ಒಡೆಯಣ. ಅವ್ನು ಬಂದು ಒಂದ್ಮಾತು ಕೇಳ್ಲಿ.’

ವಿವೇಕ ಮತ್ತೆ ಕಣ ಬಳಸಿದ. ಚಪ್ಪಲಿಯ ಅಡಿಗೆ ಕಾಫಿ ಹಣ್ಣು ಮೆತ್ತಿಕೊಂಡಿತು. ‘ಒಡೆಯಣ’ ಎಂದ ಶಶಿಧರ್ ಕೂಡ. ‘ಅವ್ರು ಬಂದು ಕೇಳ್ಲಿ.’

‘ಬಾಗ್ಲು ಇತ್ತು ಕಣ್ರೋ, ನಾನೇ ಮುಟ್ಟಿದ್ದೆ’ ಎಂದು ದ್ಯಾವಮ್ಮ ದೇವರ ಕೋಣೆಯಿಂದ ಕೂಗಿದ್ದು ಗೋಡೆ ದಾಟಿ ಕೇಳಿಸಿತು.

ಬಸ್ಸಿನ ಕಿಟಕಿಗೆ ತಲೆಯಾನಿಸಿ ಬರುವಾಗ ವಿವೇಕನಿಗೆ ಹೊಳೆಯಿತು. ಅಣ್ಣತಮ್ಮಂದಿರು ತನ್ನನ್ನು ನಂಬದೆ ಇದ್ದದ್ದಲ್ಲ. ಇಡೀ ಮಳೆಗಾಲ ಸಾಕಿಕೊಂಡು ಬಂದ ಅಷ್ಟು ದೊಡ್ಡ ಸಿಟ್ಟಿಗೆ, ಇಷ್ಟು ಸಣ್ಣ ಕಾರಣವನ್ನು ಒಪ್ಪಿಕೊಳ್ಳಲು ಅವರಿಗೆ ಅವಮಾನ.

ಮರುದಿನ ಅವನು ತೇಪೆ ಕಿತ್ತು, ಗೋಡೆಯ ಗೆರೆಯನ್ನು ನಿಜವಾಗಿ ಕತ್ತರಿಸಿ, ಬಾಗಿಲು ಬರೆದ. ಪ್ರಿಂಟು ಮೊದಲನೆಯ ಸಲಕ್ಕೇ ಬಂತು. ಅಂಚು, ಅಳತೆ, ಅಕ್ಷರ, ಎಲ್ಲ ಸರಿ. ಅವನ ಉದ್ಯೋಗ ಜೀವನದಲ್ಲೇ ಇಷ್ಟು ಒಳ್ಳೆಯ ಹಾಳೆ ಬಂದಿರಲಿಲ್ಲ. ಎರಡು ಸುರುಳಿ ಸುತ್ತಿ, ಜಾವಳಿ ಬಸ್ ನಿಲ್ದಾಣದ ಎದುರಿನ ರುದ್ರಪ್ಪನ ಅಂಗಡಿಗೆ ತಲುಪಿಸಲು ಬಸ್ಸಿಗೆ ಹಾಕಿದ. ಇಬ್ಬರಿಗೂ ಫೋನು ಮಾಡಿ ತಿಳಿಸಿದ.

ಶಿವರಾತ್ರಿ ಕಳೆದರೂ ಸುದ್ದಿಯಿಲ್ಲ. ಕಡೆಗೆ ರುದ್ರಪ್ಪನಿಗೇ ಫೋನು ಮಾಡಿದ.

‘ಎರಡೂ ಇಲ್ಲೇ ಇದಾವೆ ಮಾರಾಯ’ ಎಂದ ರುದ್ರಪ್ಪ. ‘ದೊಡ್ಡ ಗೌಡ್ರು ಬಂದಿದ್ರು. ತಮ್ಮ ತಗಂಡ್ನಾ ಅಂತ ಕೇಳಿದ್ರು. ಇಲ್ಲ ಅಂದೆ. ಹಂಗಾದ್ರೆ ಇರ್ಲಿ ಅಂತ ಹೋದ್ರು. ಸಂಜೆಗೆ ತಮ್ಮ ಬಂದ. ಅಣ್ಣ ತಗಂಡ್ರಾ ಅಂದ. ಇಲ್ಲ ಅಂದೆ. ಅವ್ನೂ ಹೋದ.’

‘ಅಮ್ಮ?’

‘ಅವ್ರು ಇಷ್ಟು ದೂರ ಎಲ್ಲಿ ಬರ್ತಾರೆ? ಈಗ ದೀಪಕ್ಕೂ ಹೋಗಲ್ಲಂತೆ, ಕಾಲು ಪೂರ್ತಿ ಹಿಡ್ಕಂಡಿದೆ. ಇವನ್ನ ವಾಪಸ್ ಕಳಿಸ್ಲಾ?’

‘ಬೇಡ. ಇಲಿ ಮುಟ್ಟದ ಹಾಗೆ ಮೇಲಿಟ್ಟಿರಿ.’

ಪರದೆಯ ಮೇಲೆ ನಶ್ಯದ ಬೆರಳಿನ ಗುರುತು ಇನ್ನೂ ಇತ್ತು. ಒಳಗಿನಿಂದ ಬಾಲರಾಜ್ ಕೂಗಿದರು, ‘ಆ ಬಣಕಲ್ಲಿನ ಮನೇದು ಪ್ರಿಂಟ್ ಬಂತೇನೋ?’

ಬಂದಿತ್ತು. ಬಲಗಡೆಯ ಅಂಚು ಹಾಳೆಯಿಂದಾಚೆ ಹೋಗಿತ್ತು. ವಿವೇಕ ಅದನ್ನು ಮೇಜಿನ ಮೇಲೆ ಹರಡಿ, ಅಂಚಿನ ಕಡೆ ನೋಡದೆ, ಒಂದೊಂದಾಗಿ ಬಾಗಿಲುಗಳ ಮೇಲೆ ಬೆರಳಿಡುತ್ತ ಹೋದ.