ಕತ್ತು ಮಾತ್ರ ಒತ್ತಿದ ತೋಟಾಗಳು

ನಮ್ಮ ಮನೆತನದಲ್ಲಿ ಕೋವಿ ಹಿಡಿದವರಿಲ್ಲ. ಹುಬ್ಬಳ್ಳಿಯಲ್ಲಿ ನಾನು ಹೊಡೆದದ್ದು ದೀಪಾವಳಿಯ ಕೇಪಿನ ಪಿಸ್ತೂಲೊಂದೇ. ರೈಫಲ್ ನನ್ನ ಕೈಗೆ ಬಂದದ್ದು ಮದುವೆಯಿಂದ. ಮಾವ ಕೊಡಗಿನವರು. ಕಡಲು ದಾಟಿ ಬಂದು ಬಾಸ್ಕಿಂಗ್ ರಿಡ್ಜ್‌ನಲ್ಲಿ ಇಂಜಿನಿಯರಾಗಿ ನಿವೃತ್ತರಾದರೂ, ಕೈಲ್ ಪೊಳ್ದ್ ಎಂಬ ಆಯುಧದ ಹಬ್ಬದ ದಿನ ಬೇಸ್‌ಮೆಂಟಿನಲ್ಲಿ ರೈಫಲ್ಲಿಗೆ ಹೂವಿಟ್ಟು ಕೈಮುಗಿಯುವುದನ್ನು ಬಿಟ್ಟವರಲ್ಲ. ಹಾರಿಸಿದ ತೋಟಾದ ಹಿತ್ತಾಳೆ ಕೊಳವೆಗೆ ಮತ್ತೆ ಮದ್ದು, ಗುಂಡು ತುಂಬುವುದನ್ನು ನನಗೆ ಕಲಿಸಿದವರೂ ಅವರೇ. ಎರಡೇ ವರ್ಷಕ್ಕೆ ನಾನು ಗುರುವಿಗೇ ತಿರುಮಂತ್ರ ಹಾಕತೊಡಗಿದೆ.

ವಾದ ಇದ್ದದ್ದು ಒಂದೇ. ಗುಂಡು ಹಾರಿದಾಗ ಕೊಳವೆ ಉಬ್ಬಿ ಆ ರೈಫಲ್ಲಿನ ಒಳಮೈಗೆ ಅಂಟುವಷ್ಟಾಗುತ್ತದೆ. ಮತ್ತೆ ತುಂಬುವ ಮೊದಲು ಗುಂಡು ಕೂರುವ ಅದರ ಕತ್ತನ್ನಷ್ಟೇ ಒತ್ತಿ ಸಣ್ಣ ಮಾಡಬಹುದು, ಇಲ್ಲವೇ ಫುಲ್ ಲೆಂಗ್ತ್ ಎಂದು ಇಡೀ ಮೈಯನ್ನು ಒತ್ತಿ ಮೊದಲಿನ ಅಳತೆಗೆ ತರಬಹುದು. ಕತ್ತು ಮಾತ್ರ ಒತ್ತಿದರೆ ಗುರಿ ಚೊಕ್ಕ, ಹಿತ್ತಾಳೆಗೆ ಆಯುಸ್ಸು ಹೆಚ್ಚು ಎಂದು ನಾನು. ಮಾವ ನಗುತ್ತಿದ್ದರು: "ಪೇಪರ್‌ಗೆ ಹೊಡಿಯೋಕೆ ನೀನು ಹೇಳಿದ್ದೇ ಸರಿ. ಕಾಡಿಗೆ ಹೋಗೋದಾದ್ರೆ ಫುಲ್ ಲೆಂಗ್ತ್ ಮಾಡು. ಬೋಲ್ಟ್ ಬೆಣ್ಣೆ ಥರ ಮುಚ್ಚಬೇಕು." ಬೋಲ್ಟ್ ಎಂದರೆ ತೋಟಾವನ್ನು ಒಳಗೆ ದೂಡಿ ಹಿಂದಿನಿಂದ ಮುಚ್ಚುವ ಅಗುಳಿ; ಮೈ ಒತ್ತದ ತೋಟಾಕ್ಕೆ ಅದು ಬಿಗಿಯಾಗುತ್ತದೆ.

ಆ ವರ್ಷ ಅವರ ಬಲಗೈಯ ನರಗಳು ಸೋಲತೊಡಗಿದವು. ಇದು ಮೈಗೆಲ್ಲ ಹಬ್ಬುವ ರೋಗ, ಆದರೆ ನಿಧಾನ, ವರ್ಷಗಳೇ ಹಿಡಿಯಬಹುದು ಎಂದರು ಡಾಕ್ಟರ್. ಚಳಿ ಶುರುವಾಗುವಾಗ ಮಾವ ಫೋನ್ ಮಾಡಿದರು.

"ಈ ಸಲ ಬೇಟೆಗೆ ಪೆನ್ಸಿಲ್ವೇನಿಯಕ್ಕೆ ಹೋಗೋಣ. ಕೈ ಇನ್ನೂ ನಂದೇನಾ ಅಂತ ನೋಡ್ಬೇಕು. ತೋಟಾ ನೀನೇ ತುಂಬು. ಫುಲ್ ಲೆಂಗ್ತ್, ಮರೀಬೇಡ."

"ಆತು ಮಾವ, ಮಾಡ್ತೀನ್ರಿ," ಎಂದೆ.

ಮಾಡಲಿಲ್ಲ. ಪಿಸ್ಕಾಟವೇಯ ನನ್ನ ಮನೆಯ ಗ್ಯಾರೇಜಿನಲ್ಲಿ ಕೂತು, ಅವರದೇ ರೈಫಲ್ಲಿನಲ್ಲಿ ನಾಲ್ಕು ಸಲ ಗುಂಡು ಹಾರಿಸಿದ ಕೊಳವೆಗಳ ಕತ್ತನ್ನಷ್ಟೇ ಒತ್ತಿದೆ. ಶಾಸ್ತ್ರ ನನ್ನ ಕಡೆ ಇದೆಯೆಂಬ ಜಂಬ ಒಂದು. ಇಡೀ ಮೈ ಒತ್ತಲು ಒಂದೊಂದಕ್ಕೂ ಎಣ್ಣೆ ಸವರಿ, ಒರೆಸಬೇಕಲ್ಲ ಎಂಬ ಸೋಮಾರಿತನ ಇನ್ನೊಂದು. ಮದ್ದು ತುಂಬುವ ಮೊದಲು ಖಾಲಿ ಕೊಳವೆಗಳನ್ನು, ಅವರಿಂದ ತಂದುಕೊಂಡಿದ್ದ ರೈಫಲ್ಲಿಗೆ ಹಾಕಿ ನೋಡಿದೆ. ಕೊನೆಯಲ್ಲಿ ತುಸು ಬಿಗಿ. ಅಂಗೈಯಿಂದ ಒತ್ತಿದಾಗ ಬೋಲ್ಟ್ ಕೂತಿತು. ಸಾಕು ಎಂದುಕೊಂಡೆ. ಒತ್ತಿದ್ದು ನನ್ನ ಕೈ ಎಂಬುದು ಹೊಳೆಯಲೇ ಇಲ್ಲ.

ಬೆಳಕು ಹರಿಯುವ ಹೊತ್ತಿಗೆ ನಾವು ಒಂದು ಓಕ್ ಮರದ ಬುಡದಲ್ಲಿ ಕೂತಿದ್ದೆವು. ಮಾವ ತೋಟಾ ಹಾಕಿ ಬೋಲ್ಟನ್ನು ಮುಂದೆ ದೂಡಿದರು. ಅದರ ಹಿಡಿ ಕೆಳಗೆ ಬರಲಿಲ್ಲ. ಗ್ಲವ್ ತೆಗೆದು ಮತ್ತೆ ಒತ್ತಿದರು. ಮೂರನೆಯ ಸಲ ಹಲ್ಲು ಕಚ್ಚಿದರು. ಆಮೇಲೆ ನನ್ನ ಮುಖ ನೋಡದೆ ರೈಫಲ್ ಚಾಚಿದರು: "ಹಾಕ್ಕೊಡು."

ಒಂದೇ ಏಟಿಗೆ ಮುಚ್ಚಿತು.

ಅರ್ಧ ಗಂಟೆಯಲ್ಲಿ ಗಂಡು ಜಿಂಕೆಯೊಂದು ಬಂದು ಪಕ್ಕೆ ತೋರಿಸಿ ನಿಂತಿತು. ಮಾವ ರೈಫಲ್ ಎತ್ತಲಿಲ್ಲ. ನಾನು ಮೊಣಕೈ ತಟ್ಟಿದೆ.

"ಬೋಲ್ಟ್ ಮುಚ್ಚೋಕಾಗದವನು ಟ್ರಿಗರ್ ಎಳೀಬಾರ್ದು ಕಣೋ," ಎಂದರು. "ಕೈ ಹೋಯ್ತು. ನೋಡಿದ್ದಾಯ್ತಲ್ಲ, ನಡಿ."

ಮನೆಗೆ ಎರಡು ಗಂಟೆಯ ಡ್ರೈವ್. ಹೋದದ್ದು ನಿಮ್ಮ ಕೈಯಲ್ಲ ಮಾವ, ಕೆಟ್ಟದ್ದು ನನ್ನ ಕೆಲಸ ಎನ್ನುವ ಬದಲು ಕಾರಿನ ಹೀಟರ್ ಜೋರು ಮಾಡಿದೆ. ಮರೀಬೇಡ ಎಂದು ಅವರು ಹೇಳಿದ್ದರು. ಮರೆತಿರಲಿಲ್ಲ, ಬೇಕೆಂದೇ ಮಾಡಿದ್ದೆ ಎಂದು ಯಾವ ಬಾಯಿಂದ ಹೇಳಲಿ? ಛೀ, ಅಳಿಯನ ಮರ್ಯಾದೆ! ಅದಕ್ಕೆ ಬೆಂಕಿ ಬೀಳಲಿ.

ಮಧ್ಯಾಹ್ನ ಅತ್ತೆ ಅನ್ನ ಸಾರು ಬಡಿಸಿದರು. ಹಿಂದಿನ ರಾತ್ರಿಯವರೆಗೂ ತಾವೇ ಕಲಸಿ ಉಣ್ಣುತ್ತಿದ್ದ ಮಾವ ತಟ್ಟೆಯನ್ನು ಅತ್ತೆಯ ಕಡೆ ಸರಿಸಿ, "ನೀನೇ ತಿನ್ಸು," ಎಂದರು. ಫಿಸಿಯೋಥೆರಪಿಗೆ ಹೋಗುವುದನ್ನೂ ಆ ವಾರವೇ ನಿಲ್ಲಿಸಿದರು. ಅವರ ಮಗಳು, ನನ್ನ ಹೆಂಡತಿ, ಅತ್ತಳು, ಜಗಳವಾಡಿದಳು. ಅವರು ಕೇಳಲಿಲ್ಲ.

ಆಮೇಲೆ ಹನ್ನೊಂದು ತಿಂಗಳು ಬದುಕಿದ್ದರು. ಅಷ್ಟೂ ದಿನ ಹೇಳಬಹುದಿತ್ತು. ಪ್ರತಿ ಭಾನುವಾರ ಹೋಗುತ್ತಿದ್ದೆ, ಅತ್ತೆಯ ಕೈಯಿಂದ ಚಮಚ ಇಸಿದುಕೊಂಡು ನಾನೇ ತಿನ್ನಿಸುತ್ತಿದ್ದೆ. ಇಂಥ ಅಳಿಯ ಯಾರಿಗೆ ಸಿಗುತ್ತಾನೆ ಎಂದು ಮಾವ ಬಂದವರಿಗೆಲ್ಲ ಹೇಳುತ್ತಿದ್ದರು.